ಕುರ್ಚಿ ನಿಮ್ಮದೇ, ಆಡಿ ನೋಡಿ!

ವಿಶ್ವಸಂಸ್ಥೆಗೆ ಸಿಟ್ಟು ಬಂದದ್ದನ್ನು ಯಾವತ್ತಾದರೂ ಕಂಡಿದ್ದೀರಾ? ಯುದ್ಧ ನಿಲ್ಲಿಸಿ ಎಂದು ಠರಾವು ಮಾಡುತ್ತದೆ, ಯುದ್ಧ ನಿಲ್ಲುವುದಿಲ್ಲ. ವಿಷಾದ ಸೂಚಿಸುತ್ತದೆ, ಸಾಲದಿದ್ದರೆ ತೀವ್ರ ವಿಷಾದ ಸೂಚಿಸುತ್ತದೆ. ಅಲ್ಲಿಗೆ ಅದರ ಕೋಪ ತಣ್ಣಗಾಯಿತು ಅಂತ ಲೆಕ್ಕ. ಅಂಥ ವಿಶ್ವಸಂಸ್ಥೆ 2008ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ಕಾದಂಬರಿಕಾರನಿಗೆ ಖಡಕ್ ನೋಟೀಸು ಕಳಿಸಿತು ಸ್ವಾಮೀ! ಆತನ ಹೆಸರು ಮ್ಯಾಕ್ಸ್ ಬ್ಯಾರಿ. ಮಾಡಿದ ಅಪರಾಧ ಏನಪ್ಪಾ ಅಂದರೆ, ತಾನು ಹುಟ್ಟುಹಾಕಿದ ಒಂದು ಕಂಪ್ಯೂಟರ್ ಆಟದೊಳಗೆ ವಿಶ್ವಸಂಸ್ಥೆಯ ಹೆಸರನ್ನೂ ಲಾಂಛನವನ್ನೂ ಕೇಳದೆ ಬಳಸಿಕೊಂಡದ್ದು. ಟ್ಯಾಂಕು ನುಗ್ಗಿಸಿದವರಿಗೆ ವಿಷಾದ, ಆಟ ಆಡಿಸಿದವನಿಗೆ ನೋಟೀಸು!

ಬ್ಯಾರಿ ಜಗಳಕ್ಕೆ ಹೋಗಲಿಲ್ಲ. ಅದೇ ವರ್ಷ ಏಪ್ರಿಲ್ 1ರಂದು ಆಟದೊಳಗಿನ ವಿಶ್ವಸಂಸ್ಥೆಯ ಬೋರ್ಡು ಇಳಿಸಿ 'ವರ್ಲ್ಡ್ ಅಸೆಂಬ್ಲಿ' ಅಂತ ಹೊಸ ಬೋರ್ಡು ತೂಗುಹಾಕಿದ. ತಾರೀಖು ನೋಡಿದರೆ ಮೂರ್ಖರ ದಿನದ ತಮಾಷೆ ಅನ್ನಿಸಬೇಕು. ತಮಾಷೆ ಅಲ್ಲ. ಆವತ್ತಿನಿಂದ ಅಲ್ಲಿ ಅದೇ ಹೆಸರು.

ಆ ಆಟದ ಹೆಸರು ನೇಷನ್‌ಸ್ಟೇಟ್ಸ್. ಪೇಟೆಯ ಮೋರಿ, ಸಂತೆ, ಪಂಚಾಯಿತಿ ಬರೆಯುವ ಈ ಜಾಗದಲ್ಲಿ ಆಸ್ಟ್ರೇಲಿಯಾದ ಆಟ ಯಾಕೆ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮ ಹುಡುಗರ ಮೊಬೈಲಿನೊಳಗೂ ಅದು ಬಂದು ಕೂತಿದೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಸ್ವಲ್ಪ ತಾಳಿ. ಈ ಅಂಕಣ ಮುಗಿಯುವುದರೊಳಗೆ ನಮ್ಮ ಜಿಲ್ಲಾ ಪಂಚಾಯಿತಿ ಬಾಗಿಲಿಗೇ ಬಂದು ನಿಲ್ಲುತ್ತೇನೆ.

ಎಮ್ಮೆ, ಬೋಂಡ, ಬಾವುಟ

ಬ್ಯಾರಿ ಮೊದಲು ಕಂಪ್ಯೂಟರ್ ಕಂಪನಿಯೊಂದರಲ್ಲಿ ಮಾರಾಟದ ನೌಕರಿಯಲ್ಲಿದ್ದವನು. ಆಮೇಲೆ ಬರವಣಿಗೆಗೆ ಇಳಿದ. 2003ರ ಜನವರಿಯಲ್ಲಿ ಅವನ 'ಜೆನ್ನಿಫರ್ ಗವರ್ನಮೆಂಟ್' ಎಂಬ ಕಾದಂಬರಿ ಬಂತು. ಆ ಕಥೆಯ ಲೋಕದಲ್ಲಿ ತೆರಿಗೆಯೇ ಇಲ್ಲ. ಸರಕಾರ ಅನ್ನೋದು ಒಂದು ಬಡಪಾಯಿ ಇಲಾಖೆ. ಜನ ತಮ್ಮ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಬಿಟ್ಟು, ಕೆಲಸ ಮಾಡುವ ಕಂಪನಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಅಂಟಿಸಿಕೊಂಡಿರುತ್ತಾರೆ. ಕೊಲೆಯಾದರೆ ತನಿಖೆಯ ಖರ್ಚನ್ನು ಸತ್ತವನ ಮನೆಯವರೇ ಹೊಂದಿಸಬೇಕು. ಈ ಪುಸ್ತಕಕ್ಕೆ ಪ್ರಚಾರ ಸಿಗಲಿ ಅಂತ, ಅದು ಅಂಗಡಿಗೆ ಬರುವ ಮೊದಲೇ, 2002ರ ನವೆಂಬರಿನಲ್ಲಿ ಬ್ಯಾರಿ ಈ ಆಟವನ್ನು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟ. ಪುಸ್ತಕಕ್ಕೆ ತಮಟೆ ಬಡಿಯಲು ಬಂದ ಆಟ, ತಾನೇ ಮೆರವಣಿಗೆಯಾಗಿ ಹೊರಟಿತು. ಇಪ್ಪತ್ತು ವರ್ಷ ಕಳೆದರೂ ನಿಂತಿಲ್ಲ. ಕಾಸೂ ಕೇಳುವುದಿಲ್ಲ.

ಆಟ ಬಲು ಸರಳ. ನೀವೊಂದು ದೇಶ ಮಾಡಬೇಕು. ಹೆಸರು ಇಡಿ, ಬಾವುಟ ಆರಿಸಿ, ನಾಣ್ಯಕ್ಕೊಂದು ಹೆಸರು, ಧ್ಯೇಯವಾಕ್ಯ, ರಾಷ್ಟ್ರಪ್ರಾಣಿ. ಸಂಸ್ಥಾನ ಬೇಕೋ ಗಣರಾಜ್ಯ ಬೇಕೋ, ನಿಮ್ಮಿಷ್ಟ. ಅಷ್ಟಾದ ಮೇಲೆ ದಿನಾಲೂ ಫೈಲುಗಳು ನಿಮ್ಮ ಮೇಜಿಗೆ ಬರುತ್ತವೆ. ಕಾಡಿನಲ್ಲಿ ಯುರೇನಿಯಂ ಸಿಕ್ಕಿದೆ, ಅಗೆಯೋದಾ ಬಿಡೋದಾ? ಮತದಾನ ಕಡ್ಡಾಯ ಮಾಡೋದಾ? ಪ್ರಜೆಗಳ ಓಡಾಟ ಗೊತ್ತಾಗಲಿ ಅಂತ ಸಾಬೂನಿನ ಡಬ್ಬಿಗೆ ಇರೋ ಹಾಗೆ ಮನುಷ್ಯರಿಗೂ ಬಾರ್‌ಕೋಡ್ ಹಚ್ಚೋದಾ? ಪ್ರತಿ ಫೈಲಿನ ಜತೆ ಸಲಹೆ ಕೊಡಲು ಇಬ್ಬರೋ ಮೂವರೋ ನಾಲ್ವರೋ ನಿಂತಿರುತ್ತಾರೆ. ಒಬ್ಬನ ಸಲಹೆಗೆ ನೀವು ಹೂಂ ಅನ್ನಬೇಕು, ಇಲ್ಲವೆ ಫೈಲನ್ನೇ ಕಸದ ಬುಟ್ಟಿಗೆ ಹಾಕಬೇಕು. ಹೂಂ ಅಂದರೆ ಕೂಡಲೇ ಅದು ಕಾನೂನು. ಅದರ ಫಲ ಏನಾಯಿತು ಎಂದು ಒಂದೇ ಒಂದು ಸಾಲಿನಲ್ಲಿ ಕಣ್ಣಿಗೆ ರಾಚುತ್ತದೆ.

ಇಲ್ಲಿಯೇ ಬ್ಯಾರಿಯ ಕಿಡಿಗೇಡಿತನ ಇರೋದು. ಸಲಹೆಗಾರರಲ್ಲಿ ನೆಟ್ಟಗಿರುವವನು ಸಿಗುವುದು ಅಪರೂಪ. ಪ್ರತಿಯೊಬ್ಬನೂ ಅರ್ಧ ದಾರಿಯವರೆಗೆ ಸರಿಯಾಗೇ ಮಾತಾಡಿ, ಉಳಿದರ್ಧದಲ್ಲಿ ಹಳ್ಳಕ್ಕೆ ಬೀಳಿಸುತ್ತಾನೆ. ಬಡವರಿಗೆ ಅನ್ನ ಬೇಕು ಎನ್ನುವವನು ಕೊನೆಗೆ ಅಂಗಡಿಗಳನ್ನೆಲ್ಲ ಸರಕಾರವೇ ಕಿತ್ತುಕೊಳ್ಳಲಿ ಎನ್ನುತ್ತಾನೆ. ಉದ್ಯಮ ಬೆಳೀಬೇಕು ಎನ್ನುವವನು ಕೊನೆಗೆ ಮಕ್ಕಳೂ ಗಣಿಗೆ ಇಳೀಲಿ ಬಿಡಿ ಎನ್ನುತ್ತಾನೆ. ನೀವು ಮಾತಿನ ಮೊದಲರ್ಧ ಕೇಳಿ ರುಜು ಹಾಕಿರುತ್ತೀರಿ. ಜಾರಿಗೆ ಬರುವುದು ಎರಡನೆಯ ಅರ್ಧ. ವಿಧಾನಸಭೆಯ ಕಲಾಪ ನೋಡಿದವರಿಗೆ ಇದೇನೂ ಹೊಸದಲ್ಲ ಬಿಡಿ.

ನನ್ನ ತಂಗಿ ಮಗ ಸೆಕೆಂಡ್ ಪಿಯುಸಿ. ಮೂರು ತಿಂಗಳಿಂದ ಅವನೊಂದು ದೇಶದ ಸರ್ವಾಧಿಕಾರಿ. ದೇಶದ ಹೆಸರು ಎಮ್ಮೆನಾಡು. ರಾಷ್ಟ್ರಪ್ರಾಣಿ ಹೇಳಬೇಕಾಗಿಲ್ಲ. ನಾಣ್ಯದ ಹೆಸರು ಬೋಂಡ. ಧ್ಯೇಯವಾಕ್ಯ 'ನಾಳೆ ಬನ್ನಿ'. ಆ ಎರಡು ಪದ ಅವನು ಎಲ್ಲಿ ಕಲಿತ ಅಂತ ಕೇಳುವ ಹಾಗಿಲ್ಲ; ಜಾತಿ ಪ್ರಮಾಣಪತ್ರಕ್ಕೆ ಅಲೆದದ್ದು ಆ ಮಗುವೇ ತಾನೇ. ಮೊನ್ನೆ ಅವನ ಮೊಬೈಲು ಇಸಿದುಕೊಂಡು ನೋಡಿದೆ.

"ಏನೋ ಇದು, ನಿನ್ನ ರಾಷ್ಟ್ರಪ್ರಾಣಿನೇ ಅಳಿದು ಹೋಗೋ ಸ್ಥಿತೀಲಿದೆ ಅಂತ ಬರೆದಿದೆಯಲ್ಲೋ?"

"ಹೂಂ ಮಾವ, ಕಾಡೆಲ್ಲ ಫ್ಯಾಕ್ಟರಿಗೆ ಕೊಟ್ಬಿಟ್ಟೆ. ಆದ್ರೆ ಎಕಾನಮಿ ನೋಡಿ, ಹೆಂಗೆ ಏರಿದೆ!"

"ಜನ ಸುಮ್ನಿದಾರೇನೋ?"

"ಜನ ಏನ್ ಮಾಡ್ತಾರೆ ಮಾವ? ಎಲೆಕ್ಷನ್ ನಿಲ್ಸಿ ಎರಡು ತಿಂಗಳಾಯ್ತು."

ಅಂದು ಹಲ್ಲು ಕಿಸಿದ. ಹುಡುಗ ಒಳ್ಳೆಯವನೇ. ಮನೆಯಲ್ಲಿ ಬೆಕ್ಕಿಗೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಪೈಕಿ. ಅಂಥವನಿಗೂ ಒಂದೇ ತಿಂಗಳಲ್ಲಿ ಚುನಾವಣೆ ಬೇಡವಾಯಿತು ನೋಡಿ! ಅದಕ್ಕೆ ಕಾರಣ ಅವನ ಮನಸ್ಸಲ್ಲ. ಚುನಾವಣೆ ಇಟ್ಟುಕೊಂಡರೂ ಅವನೇ ರಾಜ, ತೆಗೆದುಹಾಕಿದರೂ ಅವನೇ ರಾಜ. ಈ ಆಟದಲ್ಲಿ ಆಳುವವನು ಸೋಲುವುದೇ ಇಲ್ಲ. ಸೋಲದ ಮೇಲೆ ಚುನಾವಣೆ ಯಾವ ಸೀಮೆಯದು?

ಭಯಂಕರ ಪ್ರಗತಿ!

ಗೆಲ್ಲುವುದೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗುರಿ ಅಂತ ಯಾವುದೂ ಇಲ್ಲ. ನಿಮ್ಮ ದೇಶವನ್ನು ಮೂರು ತಕ್ಕಡಿಯಲ್ಲಿ ತೂಗುತ್ತಾರೆ. ನಾಗರಿಕ ಹಕ್ಕು ಒಂದು, ಆರ್ಥಿಕತೆ ಒಂದು, ರಾಜಕೀಯ ಸ್ವಾತಂತ್ರ್ಯ ಒಂದು. ಈ ಮೂರರ ಏರಿಳಿತ ಹೊಂದಿಸಿ ಇಪ್ಪತ್ತೇಳು ಬಗೆಯ ಸರಕಾರಗಳಿಗೆ ಹೆಸರಿಟ್ಟಿದ್ದಾರೆ. ಹೆಸರುಗಳೇ ಅರ್ಧ ತಮಾಷೆ. ಮೂರೂ ನೆಲಕಚ್ಚಿದರೆ ತಲೆಕೆಟ್ಟ ಸರ್ವಾಧಿಕಾರ. ಮೂರೂ ನಡುಮಧ್ಯೆ ನಿಂತರೆ ಯಾರ ಮನಸ್ಸಿಗೂ ನೋವಾಗದ ಮಧ್ಯಮಾರ್ಗಿ ಪ್ರಜಾಪ್ರಭುತ್ವ. ಮೂರೂ ಆಕಾಶಕ್ಕೇರಿದರೆ? ರಾಮರಾಜ್ಯ ಅಂದುಕೊಂಡಿರಾ? ಅರಾಜಕತೆ! ಇನ್ನು ಅಪ್ಪನಿಗೇ ಎಲ್ಲಾ ಗೊತ್ತು ಎನ್ನುವ ರಾಜ್ಯ, ಬಹುಮತದ ದಬ್ಬಾಳಿಕೆ, ಕಂಪನಿಗಳ ಪೊಲೀಸ್ ರಾಜ್ಯ, ಕೊಳ್ಳಲೇಬೇಕಾದ ಕಡ್ಡಾಯ ಗಿರಾಕಿಗಳ ರಾಜ್ಯ, ಹೀಗೆ ಸಾಲು ಉದ್ದಕ್ಕಿದೆ. ಕೆಲವಕ್ಕೆ ನಮ್ಮ ಕಡೆಯ ಉದಾಹರಣೆ ಕೊಡಬಹುದು. ಮಾನನಷ್ಟ ಮೊಕದ್ದಮೆಗೆ ಸಂಪಾದಕರ ಹತ್ತಿರ ದುಡ್ಡಿಲ್ಲ.

ಆರ್ಥಿಕತೆಯ ಏಣಿಯನ್ನು ನೋಡಿ. ಕೆಳಗಿನ ಮೆಟ್ಟಿಲು ಕುಸಿದುಬಿದ್ದದ್ದು. ಮೇಲೆ ಹೋಗುತ್ತ ಹೋಗುತ್ತ ಚೆನ್ನಾಗಿದೆ, ಬಲವಾಗಿದೆ, ಎಲ್ಲವನ್ನೂ ನುಂಗುವಂತಿದೆ ಅಂತ ಏರಿ, ತುತ್ತತುದಿಯ ಮೆಟ್ಟಿಲಿಗೆ ಬ್ಯಾರಿ ಇಟ್ಟಿರುವ ಹೆಸರು 'ಭಯಂಕರ'. ರಾಜಕೀಯ ಸ್ವಾತಂತ್ರ್ಯದ ಏಣಿಯ ತುದಿಗೆ 'ಕೆಟ್ಟು ಕೆರ ಹಿಡಿದದ್ದು' ಅನ್ನುವಂಥ ಹೆಸರು. ಅಂದರೆ ಯಾವುದನ್ನೇ ಆಗಲಿ ಅತಿಗೆ ಒಯ್ದರೆ ಆಟ ನಿಮ್ಮನ್ನು ಹೊಗಳುವುದಿಲ್ಲ, ಗಾಬರಿ ಬೀಳುತ್ತದೆ. ವರ್ಷಕ್ಕೊಂದು ಪ್ರಗತಿಯ ಪುಸ್ತಿಕೆ ಅಚ್ಚು ಹಾಕಿಸಿ ಹಂಚುವ ನಮ್ಮ ಸರಕಾರಗಳು, ಯಾವ ಪಕ್ಷದ್ದೇ ಇರಲಿ, ಈ ಒಂದು ಪದ ಎರವಲು ತಗೊಂಡರೆ ತಪ್ಪಿಲ್ಲ. ಭಯಂಕರ ಪ್ರಗತಿ!

ದಿನಾಲೂ ಒಂದೊಂದು ವಿಷಯಕ್ಕೆ ದೇಶಗಳಿಗೆ ರ‍್ಯಾಂಕು ಕೊಡುವ ಪದ್ಧತಿಯೂ ಇದೆ. ಯಾವ ದೇಶದ ಜನ ಅತ್ಯಂತ ಒರಟರು, ಯಾವ ದೇಶದ ಗಿಣ್ಣು ರಫ್ತು ದೊಡ್ಡದು, ಯಾವ ದೇಶದಲ್ಲಿ ಬಟ್ಟೆ ಇಲ್ಲದೆ ಓಡಾಡುವವರು ಜಾಸ್ತಿ. ಸ್ವಚ್ಛ ನಗರ, ಸ್ಮಾರ್ಟ್ ನಗರ ಅಂತ ರ‍್ಯಾಂಕಿನ ಪತ್ರಿಕಾ ಪ್ರಕಟಣೆ ಬಂದಾಗಲೆಲ್ಲ ನನಗೆ ಈ ಗಿಣ್ಣಿನ ರ‍್ಯಾಂಕು ನೆನಪಿಗೆ ಬರುತ್ತದೆ.

ಕಡ್ಡಾಯ ಮತದಾನದ ಫೈಲಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದು ಬ್ಯಾರಿಯ ಮನೆಯಂಗಳದ ಸಂಗತಿ. ಆಸ್ಟ್ರೇಲಿಯಾದ ಕೇಂದ್ರ ಚುನಾವಣೆಗಳಲ್ಲಿ 1924ರ ಕಾಯಿದೆಯಿಂದಲೇ ಮತದಾನ ಕಡ್ಡಾಯ, ತಪ್ಪಿಸಿದರೆ ದಂಡ. ನಮ್ಮ ದೇಶದಲ್ಲೂ ಆ ಚಪಲ ಹತ್ತಿದವರಿದ್ದಾರೆ. ಗುಜರಾತಿನವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಹಾಗೊಂದು ಕಾಯಿದೆ ಮಾಡಿದರು. 2014ರಲ್ಲಿ ರಾಜ್ಯಪಾಲರ ಅಂಕಿತ ಬಿತ್ತು, 2015ರಲ್ಲಿ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಆಟದಲ್ಲಾದರೆ ಹೈಕೋರ್ಟು ಇಲ್ಲ. ಹೂಂ ಅಂದಿರಾ, ಆಯಿತು.

ಯುದ್ಧವೂ ಇಲ್ಲ, ಅದು ಒಂದು ಸಮಾಧಾನ. ಯುದ್ಧ ಬೇಕಾದವರು ಮಾತಿನಲ್ಲೇ ಕಥೆ ಕಟ್ಟಿಕೊಂಡು ಹೊಡೆದಾಡಬೇಕು. ಆದರೆ ರಾಜಕಾರಣ ಇರುವ ಕಡೆ ಪಕ್ಷಾಂತರ ಇಲ್ಲದೆ ಇರುತ್ತದೆಯೇ? ದೇಶಗಳೆಲ್ಲ ಗುಂಪು ಗುಂಪಾಗಿ ಪ್ರಾಂತ್ಯ ಕಟ್ಟಿಕೊಂಡಿವೆ. ಪ್ರಾಂತ್ಯಕ್ಕೊಬ್ಬ ಪ್ರತಿನಿಧಿ. ಯಾರಿಗೆ ಹೆಚ್ಚು ದೇಶಗಳ ಬೆಂಬಲವೋ ಅವನೇ ಪ್ರತಿನಿಧಿ. ಇದನ್ನೇ ಹಿಡಿದು ಒಂದು ಪಟಾಲಂ ರಾತ್ರೋರಾತ್ರಿ ಪ್ರಾಂತ್ಯದೊಳಗೆ ನುಗ್ಗಿ, ಒಬ್ಬರಿಗೊಬ್ಬರು ಬೆಂಬಲ ಕೊಟ್ಟುಕೊಂಡು ಗಾದಿ ಹಿಡಿದುಬಿಡುತ್ತದೆ. ಅವರನ್ನು ಓಡಿಸಲು ಇನ್ನೊಂದು ಪಟಾಲಂ. ಭದ್ರತಾ ಮಂಡಳಿಯ ಹೆಸರಿನ ಸಭೆಯೊಂದು 2009ರಿಂದ ಇದೆ. ಅದು ಕೆಟ್ಟವರನ್ನು ಖಂಡಿಸಿ ನಿರ್ಣಯ ಮಾಡುತ್ತದೆ. ಖಂಡನೆಗೆ ಗುರಿಯಾದವರು ಅದನ್ನು ಬಿರುದು ಅಂತ ಎದೆಗೆ ಚುಚ್ಚಿಕೊಂಡು ತಿರುಗುತ್ತಾರೆ! ರೆಸಾರ್ಟು ಒಂದು ಇಲ್ಲ ಅನ್ನೋದು ಬಿಟ್ಟರೆ ಎಲ್ಲವೂ ನಮಗೆ ಪರಿಚಯವೇ.

ಮೂಲೆಯಲ್ಲಿ ನಿಂತವನು

ನಕ್ಕಿದ್ದಾಯಿತು. ಈಗ ನನ್ನ ತಕರಾರು ಕೇಳಿ.

ರಾಜಕೀಯದ ನಗೆ ನಮಗೆ ಹೊಸದಲ್ಲ. 1942ರಲ್ಲಿ ರಾಶಿ 'ಕೊರವಂಜಿ' ಶುರುಮಾಡಿದರು, 1967ರವರೆಗೆ ನಡೆಸಿದರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೂ ಚಿತ್ರ ಬರೆದುಕೊಟ್ಟವರು. ಮುಂದೆ ಮುಂಬಯಿಗೆ ಹೋಗಿ ದಿನದಿನ ಬರೆದ ವ್ಯಂಗ್ಯಚಿತ್ರಗಳಲ್ಲಿ ಅವರೊಬ್ಬ ಮನುಷ್ಯನನ್ನು ನಿಲ್ಲಿಸಿದರು. ಚೌಕುಳಿ ಕೋಟು, ಕಚ್ಚೆ ಪಂಚೆ, ದಪ್ಪ ಕನ್ನಡಕ, ಕಿವಿಯ ಮೇಲೆ ಎರಡು ಕುಚ್ಚು ಕೂದಲು. ಬಾಯಿ ಬಿಡುವುದಿಲ್ಲ. ಮಂತ್ರಿ ಭಾಷಣ ಮಾಡುವಾಗ, ಅಧಿಕಾರಿ ಫೈಲು ಮುಚ್ಚಿಡುವಾಗ, ಸೇತುವೆ ಉದ್ಘಾಟನೆಯಾಗುವಾಗ ಅವನು ಚಿತ್ರದ ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾನೆ, ಅಷ್ಟೇ. ನಗೆ ಹುಟ್ಟುವುದೇ ಅವನ ಆ ನೋಟದಿಂದ.

ನೇಷನ್‌ಸ್ಟೇಟ್ಸಿನಲ್ಲಿ ಕುರ್ಚಿಯ ಮೇಲೆ ನೀವೇ ಕೂತಿದ್ದೀರಿ. ಸುತ್ತ ಸಲಹೆಗಾರರಿದ್ದಾರೆ. ಮೂಲೆಯಲ್ಲಿ ಮಾತ್ರ ಯಾರೂ ಇಲ್ಲ. ನಿಮ್ಮ ಒಂದು ರುಜುವಿನಿಂದ ಬಾರ್‌ಕೋಡ್ ಹಚ್ಚಿಸಿಕೊಂಡವನು ಮಾರನೇ ದಿನ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ. ದಂಗೆಯಾದರೆ ಒಂದು ಸಾಲಿನ ವರದಿ. ಜನಸಂಖ್ಯೆಯಂತೂ ಏನೇ ಅನಾಹುತ ಮಾಡಿದರೂ ಏರುತ್ತಲೇ ಇರುತ್ತದೆ. ಇಪ್ಪತ್ತು ವರ್ಷ ಹಳೆಯ ದೇಶಗಳ ಜನಸಂಖ್ಯೆ ಇಡೀ ಭೂಮಿಯ ಜನಸಂಖ್ಯೆಯನ್ನು ಮೀರಿಸಿದೆ. ಅಷ್ಟು ಕೋಟಿ ಜನರಲ್ಲಿ ಒಬ್ಬನಿಗೂ ಮುಖ ಇಲ್ಲ. ಆಳುವುದು ಎಷ್ಟು ಕಷ್ಟ ಎಂದು ಆಟ ಚೆನ್ನಾಗಿ ತೋರಿಸುತ್ತದೆ. ಆಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಹೇಳಲು ಅದರಲ್ಲಿ ಜಾಗವೇ ಇಲ್ಲ.

ಇನ್ನೂ ಒಂದು. ಆ ಮೂರು ತಕ್ಕಡಿ ನಮ್ಮ ಕಡೆಗೆ ಸಾಲದು. ನಮ್ಮ ಊರುಗಳಲ್ಲಿ ಯಾವ ಬೀದಿಗೆ ನಲ್ಲಿ ಮೊದಲು ಬಂತು, ಯಾವ ಕೇರಿಗೆ ಕೊನೆಗೆ ಬಂತು ಎಂಬುದನ್ನು ಯಾವ ತಕ್ಕಡಿಗೆ ಹಾಕುತ್ತೀರಿ?

ಒಂದು ಫೈಲನ್ನು ಆಟದ ಧಾಟಿಯಲ್ಲೇ ಬರೆದು ತೋರಿಸುತ್ತೇನೆ. ಇದು ಆಟದೊಳಗಿನದಲ್ಲ, ನನ್ನ ಸ್ವಂತ ತಯಾರಿಕೆ. ಸಮಸ್ಯೆ: ಬಸ್ ನಿಲ್ದಾಣದ ಮುಂದಿನ ಫುಟ್‌ಪಾತಿನ ಮೇಲೆ ಗಾಡಿಗಳು ತುಂಬಿ, ಜನ ರಸ್ತೆಗಿಳಿದು ನಡೆಯುತ್ತಿದ್ದಾರೆ.

ಅಂಗಡಿ ಮಾಲೀಕರೊಬ್ಬರು ಹೇಳುತ್ತಾರೆ: "ಬಾಡಿಗೆ ಕಟ್ಟೋನು ನಾನು, ಗಿರಾಕಿ ಅವನಿಗೆ. ಜೆಸಿಬಿ ತರಿಸಿ ಸ್ವಾಮಿ. ಗಾಡಿ ಜತೆ ಆ ಹೊಂಗೆ ಮರಾನೂ ಕೆಡವಿ. ನೆರಳಿದ್ರೆ ತಾನೇ ಬಂದು ನಿಲ್ಲೋದು?"

ಗಾಡಿಯವನೊಬ್ಬ ಹೇಳುತ್ತಾನೆ: "ಫುಟ್‌ಪಾತ್ ಮೇಲೆ ನಡೆಯೋರು ಯಾರಿದಾರೆ ಸಾರ್? ರೋಡೂ ನಮಗೇ ಬಿಟ್ಕೊಡಿ. ಬಸ್ಸು ಬೇಕಾದ್ರೆ ಊರಾಚೆ ನಿಂತ್ಕೊಳ್ಲಿ."

ಕೋಟು ಹಾಕಿದ ತಜ್ಞರೊಬ್ಬರು ನಕ್ಷೆ ಬಿಡಿಸುತ್ತಾರೆ: "ಎರಡಂತಸ್ತಿನ ಫುಟ್‌ಪಾತು ಕಟ್ಟೋಣ. ಕೆಳಗೆ ವ್ಯಾಪಾರ, ಮೇಲೆ ಪಾದಚಾರಿ. ಗುತ್ತಿಗೆದಾರರ ಹುಡುಕಾಟ ಬೇಡ, ನಮ್ಮ ಭಾವಮೈದುನ ಬಿಡುವಾಗಿದ್ದಾನೆ."

ಮೂರರಲ್ಲಿ ಒಂದಕ್ಕೆ ಹೂಂ ಅನ್ನಿ. ಮೊದಲನೆಯದಾದರೆ ಊರಿಗೆ ನೆರಳು ಎಂದರೆ ಏನೆಂದು ಮರೆತುಹೋಗುತ್ತದೆ. ಎರಡನೆಯದಾದರೆ ಬಸ್ಸಿಗೆ ಹೋಗಲು ಇನ್ನೊಂದು ಬಸ್ಸು ಬೇಕಾಗುತ್ತದೆ. ಮೂರನೆಯದಾದರೆ ವಯಸ್ಸಾದವರು ಮೇಲಿನಂತಸ್ತಿಗೆ ಹತ್ತಿ ಇಳಿಯಲಾರದೆ ಅಲ್ಲೇ ವಾಸ ಮಾಡತೊಡಗುತ್ತಾರೆ. ನಕ್ಕಿರಾ? ನಗಿ. ಆದರೆ ನಿಜವಾದ ಕಾನೂನು ಏನು ಹೇಳುತ್ತದೆ ಗೊತ್ತೇ? ಪಾರ್ಲಿಮೆಂಟು 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯಿದೆ ಮಾಡಿತು. ಪ್ರತಿ ಊರಿನಲ್ಲೂ ಒಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಮ್ಮಿ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ತಮ್ಮತಮ್ಮಲ್ಲೇ ಚುನಾವಣೆ ಮಾಡಿಕೊಂಡು ಬಂದವರು. ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸರ್ವೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಎಬ್ಬಿಸುವುದಾದರೆ 30 ದಿನದ ನೋಟೀಸು.

ಅಂದರೆ ಏನಾಯಿತು? ಆಟದಲ್ಲಿ ಒಂದು ಡೈಲಾಗು ಹೊಡೆದು ಮಾಯವಾಗುವ ಗಾಡಿಯವನು, ಈ ಕಾಯಿದೆಯಲ್ಲಿ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಸೌತೆಕಾಯಿ ಮಾರುವ ಹೆಂಗಸು, ಇಂತಿಷ್ಟು ಅಡಿ ಜಾಗ ನಮಗೆ, ಇಂತಿಷ್ಟು ನಡೆಯೋರಿಗೆ ಅಂತ ಕಮೀಷನರ್ ಸಾಹೇಬರ ಮುಖ ನೋಡಿ ಹೇಳುತ್ತಾಳೆ. ಇಂಥ ಆಯ್ಕೆಯನ್ನು ಬ್ಯಾರಿಯ ಆಟ ಕೊಡಲಾರದು. ಒಬ್ಬನೇ ಆಡುವ ಆಟದಲ್ಲಿ ಇನ್ನೊಬ್ಬನಿಗೆ ಕುರ್ಚಿ ಹಾಕುವುದು ಹೇಗೆ?

ನಮ್ಮಲ್ಲಿ ಆಡುತ್ತಿರುವವರು ಯಾರು?

ಈಗ ಬಂದೆ ನೋಡಿ, ಜಿಲ್ಲಾ ಪಂಚಾಯಿತಿ ಬಾಗಿಲಿಗೆ.

1983ರಲ್ಲಿ ಕರ್ನಾಟಕ ಒಂದು ಕಾಯಿದೆ ಮಾಡಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಅಂತ ಹಿರಿಯರಿಗೆ ನೆನಪಿರಬೇಕು. ಅಬ್ದುಲ್ ನಜೀರ್‌ಸಾಬ್ ಮಂತ್ರಿಯಾಗಿ ಹಟ ಹಿಡಿದು ತಂದದ್ದು. ಹಳ್ಳಿಹಳ್ಳಿಗೆ ಕೊಳವೆ ಬಾವಿ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡ ಪುಣ್ಯಾತ್ಮ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸ್ಥಾನಗಳಲ್ಲಿ ನೂರಕ್ಕೆ 25 ಹೆಂಗಸರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಐಎಎಸ್ ಅಧಿಕಾರಿ ಅವರ ಕೆಳಗೆ! ಲಕ್ಷ್ಮಣರ ಆ ಮೂಲೆಯ ಮನುಷ್ಯ ಒಂದು ಹೆಜ್ಜೆ ಮುಂದೆ ಬಂದು ಕುರ್ಚಿ ಮುಟ್ಟಿದ ಕಾಲ ಅದು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮುಂಚೆಯೇ ಹೊಸ ಚುನಾವಣೆ ಆಗಿರಬೇಕು ಅಂತ ಅದರಲ್ಲಿ ಬರೆದಿದೆ. 2010ರಲ್ಲಿ ಕರ್ನಾಟಕ ಹೆಂಗಸರ ಪಾಲನ್ನು ನೂರಕ್ಕೆ 50ಕ್ಕೆ ಏರಿಸಿತು. ಓದಲು ಎಷ್ಟು ಸೊಗಸಾಗಿದೆ ಅಲ್ಲವೇ?

2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ ಅಂದರು. ಅದಕ್ಕೊಂದು ಆಯೋಗ ಅಂದರು. ಮೀಸಲಾತಿ ಪಟ್ಟಿ ಅಂದರು. ಕೋರ್ಟು ಅಂದರು. 2022 ಹೋಯಿತು, 2023 ಹೋಯಿತು, 2024 ಹೋಯಿತು. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ ಸರಕಾರ ಬಂತು. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದು ಕೂತರು. ರಾಜಧಾನಿಯವರಿಗೂ ಇದೇ ಪಾಡು. ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ 2015ರಲ್ಲಿ ನಡೆದು, ಸದಸ್ಯರ ಅವಧಿ 2020ರಲ್ಲಿ ತೀರಿತು. ಮುಂದಿನ ಚುನಾವಣೆ ಇವತ್ತು ನಾಳೆ ಅನ್ನುತ್ತಲೇ ವರ್ಷಗಳು ಕಳೆದವು. ಎಮ್ಮೆನಾಡಿನ ಧ್ಯೇಯವಾಕ್ಯ ನೆನಪಿದೆ ತಾನೇ?

ಅಧಿಕಾರಿಗಳ ಮೇಲೆ ನನಗೆ ವೈಯಕ್ತಿಕ ದ್ವೇಷ ಇಲ್ಲ. ಅವರಲ್ಲಿ ಪ್ರಾಮಾಣಿಕರಿದ್ದಾರೆ, ರಾತ್ರಿ ಒಂಬತ್ತರವರೆಗೆ ಕೂತು ಫೈಲು ನೋಡುವವರಿದ್ದಾರೆ. ಕೆಲವು ಮಾಜಿ ಸದಸ್ಯರ ಚರಿತ್ರೆಯನ್ನು ಇದೇ ಅಂಕಣದಲ್ಲಿ ಬಿಚ್ಚಿಟ್ಟದ್ದೂ ಉಂಟು; ಸದಸ್ಯರು ಇಲ್ಲದಿದ್ದರೆ ಪರ್ಸೆಂಟೇಜ್ ಉಳಿಯುತ್ತೆ ಬಿಡಿ ಅಂತ ಬಸ್ ನಿಲ್ದಾಣದ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತ ಹೇಳುವವರ ಮಾತೂ ಕಿವಿಗೆ ಬಿದ್ದಿದೆ. ಇರಬಹುದು. ಆದರೆ ಕೊಳವೆ ಬಾವಿಯ ಮೋಟಾರು ಸುಟ್ಟ ಹಳ್ಳಿಯವನು ಸದಸ್ಯನಾದರೆ ಮನೆಗೇ ಹೋಗಿ ಜಗಲಿ ಮೇಲೆ ಕೂತು ಬೈದು ಬರುತ್ತಿದ್ದ. "ಏನಯ್ಯಾ, ಓಟು ಕೇಳೋಕೆ ಬಂದಾಗ ಕಾಲು ಮುಟ್ಟಿದ್ಯಲ್ಲ, ಈಗ ನೀರಿಲ್ದೆ ಸಾಯ್ತಿದೀವಿ" ಅಂತ. ಆಡಳಿತಾಧಿಕಾರಿಯ ಜಗಲಿ ಯಾವ ಊರಿನಲ್ಲಿದೆ? ಅವರಿಗೆ ವರ್ಗವಾದರೆ ಆ ಬೈಗುಳವೂ ವರ್ಗವಾಗಿ ಹೋಗುತ್ತದೆಯೇ? ಸೋಲುವ ಭಯ ಇಲ್ಲದವನ ಮೇಜಿಗೆ ಫೈಲು ಬರುತ್ತದೆ, ಸಲಹೆಗಾರರು ಬರುತ್ತಾರೆ, ಹೂಂ ಅಂದರೆ ಆದೇಶ, ಇಲ್ಲದಿದ್ದರೆ ಬುಟ್ಟಿ. ಇದನ್ನು ನಮ್ಮ ಹುಡುಗ ಬೋಂಡದ ನಾಣ್ಯದಲ್ಲಿ ಆಡುತ್ತಾನೆ. ಇವರು ನಮ್ಮ ತೆರಿಗೆಯಲ್ಲಿ.

ಹುಡುಗರು ಆಡಬಾರದು ಅಂತ ನಾನು ಹೇಳುತ್ತಿಲ್ಲ. ಆಡಲಿ. ಒಂದು ರುಜುವಿಗೆ ಎಷ್ಟು ಬಾಲ ಬೆಳೆಯುತ್ತದೆ ಎಂದು ಕೂತಲ್ಲೇ ಕಲಿಸುವ ಪಾಠ ಪೌರನೀತಿ ಪುಸ್ತಕದಲ್ಲಿ ಇಲ್ಲ. ಇಂಗ್ಲಿಷೂ ಸ್ವಲ್ಪ ಬರುತ್ತದೆ, ಆಟ ಪೂರಾ ಇಂಗ್ಲಿಷಿನಲ್ಲೇ ಇರುವುದು. ಹದಿನೆಂಟು ತುಂಬಿದ ಮೇಲೆ ಅದೇ ಹುಡುಗರು ಮತಗಟ್ಟೆಗೂ ಹೋಗಬೇಕಲ್ಲ. 2021ರ ಆಚೆ ಹದಿನೆಂಟು ದಾಟಿದ ನಮ್ಮ ಹಳ್ಳಿಯ ಮಕ್ಕಳು ಎಂಎಲ್‌ಎಗೆ ಓಟು ಹಾಕಿದರು, ಎಂಪಿಗೆ ಹಾಕಿದರು. ಜಿಲ್ಲಾ ಪಂಚಾಯಿತಿಗೆ ಓಟು ಹಾಕುವುದು ಎಂದರೇನೆಂದೇ ತಿಳಿಯದೆ ಅವರಿಗೆ ವರ್ಷಗಳು ಉರುಳಿದವು.

ಬ್ಯಾರಿಯ ಆಟದಲ್ಲಿ ಒಂದು ನಿಯಮ ಇದೆ. 28 ದಿನ ಆಳುವವನು ಇತ್ತ ತಲೆ ಹಾಕದಿದ್ದರೆ ಅವನ ದೇಶವನ್ನೇ ಅಳಿಸಿಹಾಕುತ್ತಾರೆ. ರಜೆ ಅಂತ ಮೊದಲೇ ಹೇಳಿ ಹೋದರೆ 60 ದಿನ. ಅದಕ್ಕಿಂತ ಒಂದು ದಿನವೂ ಮಾಫಿ ಇಲ್ಲ.

ನಮ್ಮ ಪೇಟೆಯ ಪಟ್ಟಣ ವ್ಯಾಪಾರ ಸಮಿತಿಯ ಕೊನೆಯ ಸಭೆ ಯಾವತ್ತು ನಡೆಯಿತು, ಗಾಡಿಯವರ ಪೈಕಿ ಯಾರು ಬಂದು ಕೂತಿದ್ದರು, ಹೆಂಗಸರು ಎಷ್ಟು ಜನ ಇದ್ದರು, ಇಷ್ಟನ್ನು ಸಂಬಂಧಪಟ್ಟವರು ತಿಳಿಸಿದರೆ ಇದೇ ಜಾಗದಲ್ಲಿ, ಇದೇ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ನಾಳೆಯೇ ಬರಬೇಕೆಂದಿಲ್ಲ. 28 ದಿನ ಕಾಯುತ್ತೇವೆ.